ಮೊಳೆಗೆ ಹೋಗಬೇಕಾಗಿದ್ದ ಶಾಲು

ಮೊನ್ನೆ ಬಂದದ್ದನ್ನು ಬಿಟ್ಟರೆ, ನಮ್ಮ ಮನೆಯ ಕಪಾಟಿನಲ್ಲಿ ಈಗ ಹದಿನೇಳು ಶಾಲುಗಳಿವೆ. ಹೋದ ತಿಂಗಳವರೆಗೆ ಹದಿನೆಂಟಿದ್ದವು. ಆ ಒಂದು ಎಲ್ಲಿ ಹೋಯಿತು ಎಂದು ಹೇಳಲು ಹೊರಟರೆ ನನ್ನ ಕೈ ಈಗಲೂ ಕುತ್ತಿಗೆಯ ಕಡೆಗೆ ಹೋಗುತ್ತದೆ, ಎಲ್ಲ ಸರಿಯಾಗಿಯೇ ಇದೆ ಎಂದು ಖಾತ್ರಿಯಾದ ಮೇಲೆ ಕೆಳಗಿಳಿಯುತ್ತದೆ. ಹಾಗಾಗಿ ಸ್ವಲ್ಪ ಸುತ್ತು ಹಾಕಿ ಹೇಳುತ್ತೇನೆ. ನೇರವಾಗಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಪುತ್ತೂರಿನಂಥ ಊರಿನಲ್ಲಿ ಇಪ್ಪತ್ತಾರು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವನಿಗೆ ಕೂಡಿಬರುವ ಆಸ್ತಿಯೆಂದರೆ ಶಾಲು. ಶಾಲೆಯ ವಾರ್ಷಿಕೋತ್ಸವಕ್ಕೆ ಹೋದರೆ ಶಾಲು, ಯುವಕ ಮಂಡಲದವರು ಕರೆದರೆ ಶಾಲು, ಪಕ್ಕದ ಕುರ್ಚಿಯವರಿಗೆ ಹೊದಿಸುವಾಗ ಒಂದು ಉಳಿದರೆ ಅದೂ ನಮಗೇ. ಅದು ಚಳಿಗೆ ಆಗುವುದಿಲ್ಲ, ಏಕೆಂದರೆ ನಮ್ಮಲ್ಲಿ ಚಳಿಯೇ ಇಲ್ಲ. ಮೈ ಒರೆಸಲೂ ಆಗುವುದಿಲ್ಲ, ಜರಿ ಚುಚ್ಚುತ್ತದೆ. ಆದ್ದರಿಂದ ಅದು ಒಂದು ಕಪಾಟಿನಿಂದ ಇನ್ನೊಂದು ಕಪಾಟಿಗೆ ಪ್ರಯಾಣ ಮಾಡುತ್ತಲೇ ಇರುತ್ತದೆ. ಒಮ್ಮೆ ಈಶ್ವರಮಂಗಲದ ಒಂದು ಸಮಾರಂಭದಲ್ಲಿ ನನಗೆ ಹೊದಿಸಿದ ಶಾಲಿನ ಮೂಲೆಯಲ್ಲಿ ಒಂದು ಅರಸಿನದ ಕಲೆಯಿತ್ತು. ಮನೆಗೆ ಬಂದು ನೋಡಿದರೆ ಅದು ನಮ್ಮ ಮನೆಯದೇ ಕಲೆ. ಎರಡು ವರ್ಷದ ಹಿಂದೆ ನಾನು ಯಾರಿಗೋ ಹೊದಿಸಿದ್ದ ಶಾಲು ಮೂರು ಗ್ರಾಮ ಸುತ್ತಿ ತವರಿಗೆ ಬಂದಿತ್ತು.

ಇಂಥ ಶಾಲುಗಳಲ್ಲಿ ಒಂದನ್ನು, ಇದ್ದುದರಲ್ಲಿ ದೊಡ್ಡದನ್ನು, ಕೆಂಪು ಬಣ್ಣದ ಉದ್ದ ಗೊಂಡೆಗಳಿದ್ದುದನ್ನು, ನಾನು ಯೂಸುಫಾಕನಿಗೆ ಹೊದಿಸಿದೆ. ತಿರುಗುವ ಯಂತ್ರದ ಪಕ್ಕದಲ್ಲಿ ನಿಲ್ಲಿಸಿ ಹೊದಿಸಿದೆ.

ಯೂಸುಫಾಕ ನರಿಮೊಗರಿನಲ್ಲಿ ನಮ್ಮಿಂದ ಎರಡು ಮನೆ ಆಚೆಯವರು. ಗಲ್ಫಿನಲ್ಲಿ ಇಪ್ಪತ್ತೆರಡು ವರ್ಷ ಲೇತಿನ ಮುಂದೆ ನಿಂತು ಕಬ್ಬಿಣ ಕಡೆದು, ಅರುವತ್ತು ದಾಟಿದ ಮೇಲೆ ಊರಿಗೆ ಬಂದರು. ಬಂದ ಮೇಲೆ ಭಾವನ ಚಪ್ಪಲಿ ಅಂಗಡಿಯಲ್ಲಿ ಕುಳಿತರು. ಮಿಲಿಮೀಟರಿನ ನೂರನೇ ಒಂದು ಪಾಲನ್ನು ಬೆರಳ ತುದಿಯಲ್ಲಿ ತಿಳಿಯುತ್ತಿದ್ದವರಿಗೆ "ಏಳು ಉಂಟಾ, ಎಂಟು ಉಂಟಾ" ಎಂಬ ಪ್ರಶ್ನೆ ಎಷ್ಟು ದಿನ ಸಾಕಾದೀತು? ಒಂದು ದಿನ ಸುಳ್ಯದಲ್ಲಿ, ಬಾಗಿಲು ಹಾಕಿದ ಒಂದು ವರ್ಕ್‌ಶಾಪಿನ ಹಿತ್ತಿಲಲ್ಲಿ ನಾಲ್ಕಡಿ ಉದ್ದದ ಹಳೆಯ ಲೇತೊಂದನ್ನು ಕಂಡರು. ಅದರ ಮೇಲೆ ಕೋಳಿಯೊಂದು ಕಾವಿಗೆ ಕುಳಿತಿತ್ತು. ಮರಿಯಾಗುವವರೆಗೆ ಕಾದು, ಆಮೇಲೆ ಪಿಕಪ್‌ನಲ್ಲಿ ಹೇರಿಕೊಂಡು ಬಂದು ಮನೆಯ ಪಕ್ಕದ ಶೆಡ್ಡಿನಲ್ಲಿ ಇಳಿಸಿದರು. "ಅವಸರ ಎಂತ ಮಾಷ್ಟ್ರೆ, ಅದು ಹದಿನೈದು ವರ್ಷ ನಿಂತದ್ದು, ಇನ್ನು ಹದಿನೈದು ದಿನ ನಿಂತ್ರೆ ತೊಂದರೆ ಉಂಟಾ?" ಎಂದರು.

ಲೇತ್ ನೋಡದವರಿಗೆ ಹೇಳುವುದಾದರೆ, ಅದು ಕುಂಬಾರನ ಚಕ್ರವನ್ನು ಅಡ್ಡ ಮಲಗಿಸಿದಂಥ ಯಂತ್ರ. ಎಡಗಡೆಯಲ್ಲಿ ಚಕ್ ಎಂಬ ಉಕ್ಕಿನ ದಪ್ಪ ಬಿಲ್ಲೆ ಇರುತ್ತದೆ. ಅದಕ್ಕೆ ಮೂರು ದವಡೆಗಳು. ಕಬ್ಬಿಣದ ತುಂಡನ್ನು ಅದು ಕಚ್ಚಿ ಹಿಡಿದು ಗರಗರ ತಿರುಗುತ್ತದೆ, ಪಕ್ಕದ ಉಳಿ ಅದನ್ನು ಹೆರೆಯುತ್ತದೆ. ಕಚ್ಚುವುದು ಮತ್ತು ತಿರುಗುವುದು, ಇವೆರಡೇ ಅದರ ಸ್ವಭಾವ. ಕಚ್ಚಿದ್ದು ಕಬ್ಬಿಣವೋ ಇನ್ನೇನೋ ಎಂದು ಅದು ವಿಚಾರಿಸುವುದಿಲ್ಲ.

ಆ ಲೇತಿಗೆ ಮರುಜೀವ ಕೊಡುವ ಕೆಲಸಕ್ಕೆ ನಾನು ಕರೆಯದೆ ಹೋದ ಸಹಾಯಕ. ಸಂಜೆ ಕಾಲೇಜು ಬಿಟ್ಟು ನೇರ ಅಲ್ಲಿಗೇ ಹೋಗುತ್ತಿದ್ದೆ. ಮೊದಲ ದಿನವೇ ಯೂಸುಫಾಕ ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಕಾಲೇಜಿನ ಗುರುತಿನ ಚೀಟಿಯನ್ನು ನೋಡಿ, ಗೋಡೆಯ ಒಂದು ಮೊಳೆಯನ್ನು ತೋರಿಸಿದರು. "ಕುತ್ತಿಗೆಯಲ್ಲಿ ಇರುದೆಲ್ಲ ಮೊದಲು ಅಲ್ಲಿಗೆ."

"ಮೆಷಿನ್ ಇನ್ನೂ ಬಿಚ್ಚಿಟ್ಟದ್ದಲ್ವಾ ಯೂಸುಫಾಕ, ಕರೆಂಟೇ ಇಲ್ಲ."

"ಕರೆಂಟ್ ಬಂದ ಮೇಲೆ ಅಭ್ಯಾಸ ಮಾಡ್ಲಿಕ್ಕೆ ಸಮಯ ಸಿಗುದಿಲ್ಲ ಮಾಷ್ಟ್ರೆ."

ಅವರು ತಮ್ಮ ಹೆಗಲ ಮೇಲಿನ ಟವೆಲು, ಬೈರಾಸನ್ನು, ನಾನು ನನ್ನ ಚೀಟಿಯನ್ನು, ಒಂದೇ ಮೊಳೆಗೆ ಸಿಕ್ಕಿಸಿ ಕೆಲಸಕ್ಕೆ ಕೂರುತ್ತಿದ್ದೆವು. ಈ ಮೊಳೆಯನ್ನು ಮರೆಯಬೇಡಿ. ನಾವು ಮರೆತೆವು.

ಎರಡು ತಿಂಗಳು ಸೀಮೆಎಣ್ಣೆಯಲ್ಲಿ ಅದ್ದಿದೆವು, ತಂತಿಯ ಬ್ರಷ್‌ನಿಂದ ಉಜ್ಜಿದೆವು. ತುಕ್ಕಿಗಿಂತ ಹೆಚ್ಚು ಕಾಡಿದ್ದು ಎಣ್ಣೆ. ಹಿಂದಿನ ಯಜಮಾನರು ಅದಕ್ಕೆ ತೆಂಗಿನೆಣ್ಣೆ ಕುಡಿಸಿದ್ದರು. ನಮ್ಮೂರಿನಲ್ಲಿ ಕೂದಲಿಗೂ ಕದಕ್ಕೂ ಒಂದೇ ಎಣ್ಣೆ ತಾನೆ? ಅದು ವರ್ಷಾನುಗಟ್ಟಲೆ ಧೂಳು ಕುಡಿದು, ಹಳೆಯ ಬೆಲ್ಲದ ಹಾಗೆ ಸಂದುಗಳಲ್ಲೆಲ್ಲ ಅಂಟಿ ಕುಳಿತಿತ್ತು. ಯೂಸುಫಾಕ ಅದನ್ನು ಬಿದಿರಿನ ಕಡ್ಡಿಯಲ್ಲಿ ಕೆರೆದು ತೆಗೆದು ಮೂಸಿ ನೋಡಿ, "ಮೆಷಿನ್‌ಗೆ ತಲೆಕೂದಲು ಬಂದಿಲ್ಲ, ಅದೇ ಪುಣ್ಯ" ಎಂದರು. ನಾನು ನಕ್ಕೆ. ನಮ್ಮ ಮನೆಯ ಹೊಲಿಗೆ ಮೆಷಿನ್‌ಗೆ ನಾನು ಹಾಕುತ್ತಿದ್ದ ಎಣ್ಣೆ ಯಾವುದು ಎಂದು ಹೇಳಲಿಲ್ಲ.

ಎಣ್ಣೆ ಬಿಡುವ ಕೆಲಸ ನನ್ನದಾಯಿತು. ಆ ಲೇತಿಗೆ ಹದಿಮೂರು ಕಡೆ ಎಣ್ಣೆಯ ತೂತುಗಳಿದ್ದವು, ಪ್ರತಿಯೊಂದಕ್ಕೂ ಹಿತ್ತಾಳೆಯ ಪುಟ್ಟ ಮುಚ್ಚಳ. ನಾನು ಅಧ್ಯಾಪಕನಲ್ಲವೇ, ಚಿತ್ರ ಬರೆದು ಅಂಕೆ ಹಾಕಿ ಗೋಡೆಗೆ ಅಂಟಿಸಿದೆ. ಯೂಸುಫಾಕ ಅದನ್ನು ನೋಡದೆಯೇ, ಮಗುವಿನ ಕಿವಿ ಹುಡುಕುವ ಹಾಗೆ ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ತೋರಿಸುತ್ತಿದ್ದರು. "ಎರಡೇ ಹನಿ. ಪಾಯಸ ಬಡಿಸಿದ ಹಾಗೆ ಸುರಿಯುದಲ್ಲ." ಹನಿ ಒಳಗಿಳಿದು, ಕೈಯಲ್ಲಿ ಚಕ್ಕನ್ನು ತಿರುಗಿಸಿದಾಗ ಅದು ಸದ್ದಿಲ್ಲದೆ ಎರಡು ಸುತ್ತು ಹೆಚ್ಚು ಹೋದರೆ, ನಮ್ಮಿಬ್ಬರಿಗೂ ಆಗುತ್ತಿದ್ದ ಸಂತೋಷಕ್ಕೆ ಯಾವ ಸನ್ಮಾನವೂ ಸಮವಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು.

ಇನ್ನು ಬೆಲ್ಟಿನ ವಿಷಯ. ಮೋಟಾರಿನಿಂದ ಯಂತ್ರಕ್ಕೆ ಶಕ್ತಿ ಹೋಗುವುದು ಒಂದು ಚಪ್ಪಟೆ ಚರ್ಮದ ಪಟ್ಟಿಯಿಂದ. ಅದು ಜೋಲುತ್ತಿರುವುದು ನನಗೆ ಸಹಿಸಲಾಗುತ್ತಿರಲಿಲ್ಲ. "ಸಡಿಲ ಉಂಟಲ್ಲ ಯೂಸುಫಾಕ, ಶಕ್ತಿ ಪೂರ್ತಿ ಹೋಗುದು ಹೇಗೆ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದೆ. ಅವರು ದಿನಕ್ಕೊಮ್ಮೆ ಹೇಳುತ್ತಿದ್ದರು: "ಮೊದಲ ಸರ್ತಿ ಬಿಗಿ ಬೇಡ. ಹಳೇ ಮೆಷಿನ್, ಎಲ್ಲಾದ್ರೂ ಹಿಡಿದುಕೊಂಡ್ರೆ ಬೆಲ್ಟ್ ಜಾರಬೇಕು. ಇಲ್ಲದಿದ್ರೆ ಹಲ್ಲು ಮುರೀತದೆ." ಹಲ್ಲು ಎಂದರೆ ಗಿಯರಿನ ಹಲ್ಲು.

ಇಲ್ಲಿ ಒಂದು ತಪ್ಪೊಪ್ಪಿಗೆಯಿದೆ. ಯಂತ್ರವನ್ನು ಮೊದಲ ಸಲ ಹೊರಡಿಸುವ ಹಿಂದಿನ ದಿನ ಶುಕ್ರವಾರ, ಯೂಸುಫಾಕ ಜುಮಾ ನಮಾಜಿಗೆ ಹೋಗಿದ್ದರು. ಕಾಲೇಜಿಗೆ ರಜೆ ಹಾಕಿ ಹೋಗಿದ್ದ ನಾನು ಒಬ್ಬನೇ ಇದ್ದೆ. ಸ್ಪಾನರ್ ಕೈಗೆ ಸಿಕ್ಕಿತು. ಅವರಿಗೆ ಆಶ್ಚರ್ಯವಾಗಲಿ ಎಂದು ಬೆಲ್ಟ್ ಬಿಗಿ ಮಾಡಲು ಹೊರಟೆ. ಮೋಟಾರಿನ ಬುಡದ ನಟ್ಟನ್ನು ಬಲವೆಲ್ಲ ಹಾಕಿ ತಿರುವಿದೆ. ಅದು ಅಲುಗಲಿಲ್ಲ. ಬೆವರೊರೆಸಿ, ಸ್ಪಾನರನ್ನು ಇದ್ದಲ್ಲೇ ಇಟ್ಟು, ಏನೂ ಆಗದವನ ಹಾಗೆ ಎಣ್ಣೆಯ ಡಬ್ಬಿ ಹಿಡಿದು ಕುಳಿತೆ.

ಮರುದಿನ ಬೆಳಿಗ್ಗೆ ಹತ್ತು ಗಂಟೆ. ನಾನು, ಯೂಸುಫಾಕ, ಅವರ ಹೆಂಡತಿ ನಬೀಸಕ್ಕ, ಮತ್ತೆ ಕುಶಾಲಪ್ಪ. ಕುಶಾಲಪ್ಪ ಆಚೆ ಬದಿಯ ಅಡಿಕೆ ತೋಟದವರು, ಮದ್ದು ಬಿಡುವ ಪಂಪಿನ ಸವೆದ ಬುಷ್, ಎಂದರೆ ಅಚ್ಚು ತಿರುಗುವ ಲೋಹದ ಬಳೆ, ಹಿಡಿದುಕೊಂಡು ಮೊದಲ ಗಿರಾಕಿಯಾಗಿ ಬಂದಿದ್ದರು. ಶಾಲಿನ ಯೋಚನೆ ಅವರದು, ಶಾಲು ನನ್ನದು. "ಹಾಗೇ ಸ್ವಿಚ್ ಹಾಕುದು ಎಂತ ಮಾರಾಯ್ರೆ, ಒಂದು ಮರ್ಯಾದೆ ಬೇಡ್ವಾ?" ಎಂದು ಮೊಬೈಲ್ ಎತ್ತಿ ಹಿಡಿದರು. ನಾನು ಶಾಲು ಹೊದಿಸಿದೆ. ನಾಲ್ಕು ಮಾತು ಆಡಿದೆ. ನಾಲ್ಕು ಎಂದು ಹೊರಟದ್ದು ನಲ್ವತ್ತಾಯಿತು. ಶ್ರಮ, ಗೌರವ, ಕೈಕಸುಬು, ಎಲ್ಲ ಬಂದವು. ಮೊಳೆ ಬರಲಿಲ್ಲ.

ಯೂಸುಫಾಕನ ಕೈ ಶಾಲಿಗೆ ಹೋಯಿತು, ತೆಗೆಯಲಿಕ್ಕೆ. ಇದನ್ನು ನಾನು ಖಂಡಿತವಾಗಿ ನೋಡಿದ್ದೇನೆ. ಅವರ ಕಣ್ಣು ಮೊಳೆಯ ಕಡೆಗೂ ಹೋಯಿತು. ಆಗ ನಾನು ಹೇಳಿದೆ: "ಇರ್ಲಿ ಯೂಸುಫಾಕ, ಫೋಟೋ ಆಗ್ಲಿ."

ನಮ್ಮಲ್ಲಿ ಹೊದಿಸಿದವರ ಎದುರಿಗೇ ಶಾಲು ತೆಗೆಯುವುದು ಸರಿಯಲ್ಲ. ಸೆಕೆಯಲ್ಲಿ ಬೆವರು ಸುರಿದರೂ ವೇದಿಕೆ ಇಳಿಯುವವರೆಗೆ ತಡೆದುಕೊಳ್ಳಬೇಕು. ಯೂಸುಫಾಕ ದೊಡ್ಡ ಮನಸ್ಸಿನವರು, ನನ್ನ ಮರ್ಯಾದೆ ಉಳಿಸಲು ಕೈ ಇಳಿಸಿದರು. ಸ್ವಿಚ್ ಹಾಕಿದರು. ಚಕ್ ತಿರುಗಿತು. ಅದರ ಸದ್ದು ಜೇನುನೊಣದ ಹಾಗಿತ್ತು. ಅವರು ಅಭ್ಯಾಸದಂತೆ, ಒಳಗಿನ ಬುಷ್ ಎಣ್ಣೆ ಹಿಡಿಯಿತೋ ಎಂದು ಕೇಳಲು, ಕಿವಿಯನ್ನು ಯಂತ್ರದ ಹತ್ತಿರಕ್ಕೆ ಬಗ್ಗಿಸಿದರು.

ಶಾಲಿನ ಒಂದು ತುದಿ ಹೆಗಲಿಂದ ಜಾರಿತು. ಕೆಂಪು ಗೊಂಡೆಗಳು ಚಕ್ಕಿನ ದವಡೆಯನ್ನು ಮುಟ್ಟಿದವು.

ಆಮೇಲೆ ಏನಾಯಿತೋ ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಬೇಡಿ. ಯಾರೋ ಶಾಲನ್ನು ಎಳೆದು ಕಿತ್ತುಕೊಂಡ ಹಾಗೆ ಅದು ಬಿಗಿಯಾಯಿತು. ಯೂಸುಫಾಕನ ತಲೆ ಕೆಳಗೆ ಹೋಯಿತು. ಅವರು ಎರಡೂ ಅಂಗೈಗಳನ್ನು ಕಬ್ಬಿಣಕ್ಕೆ ಒತ್ತಿ ಹಿಂದಕ್ಕೆ ತಳ್ಳುತ್ತಿದ್ದರು. ಬಾಯಿಂದ ಸದ್ದಿರಲಿಲ್ಲ, ಕುತ್ತಿಗೆಯಲ್ಲಿ ಸದ್ದು ಹೊರಡಲು ಜಾಗವಿರಲಿಲ್ಲ. ಆಗ ಆ ಸಡಿಲ ಬೆಲ್ಟ್ ಕಿರ್ರೆಂದು ಕೂಗಿ, ಚಕ್ರದಿಂದ ಜಾರಿ ನೆಲಕ್ಕೆ ಬಿತ್ತು. ಚಕ್ ನಿಂತಿತು. ಮೋಟಾರ್ ಮಾತ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಶರಬತ್ತಿನ ತಟ್ಟೆ ಹಿಡಿದು ಬರುತ್ತಿದ್ದ ನಬೀಸಕ್ಕ ತಟ್ಟೆ ಬಿಟ್ಟು ಓಡಿ, ಗೋಡೆಯ ಮೇನ್ ಸ್ವಿಚ್ ಆರಿಸಿದರು. ಕತ್ತರಿ ತಂದು ಗಂಡನ ಕುತ್ತಿಗೆಯ ಹತ್ತಿರ ಶಾಲು ಕತ್ತರಿಸಿದ್ದೂ ಅವರೇ. ಯೂಸುಫಾಕನ ಮೂಗಿಗೂ ಚಕ್ಕಿನ ದವಡೆಗೂ ನಾಲ್ಕು ಬೆರಳಿನ ಅಂತರವಿತ್ತು.

ನಾನು ಏನು ಮಾಡುತ್ತಿದ್ದೆ? ಭಾಷಣ ಮುಗಿಸಿದವನು ನಿಲ್ಲುವ ಹಾಗೆ, ಕೈ ಮುಗಿದುಕೊಂಡು ನಿಂತಿದ್ದೆ. ಮುಗಿದ ಕೈ ಬಿಡಿಸಬೇಕೆಂದು ತೋಚಲಿಲ್ಲ. ಕುಶಾಲಪ್ಪ ಮೊಬೈಲ್ ಎತ್ತಿ ಹಿಡಿದೇ ಇದ್ದರು. ತಿರುಗುವ ವಸ್ತುವಿನ ಬಲದ ಬಗ್ಗೆ ನಾನು ಇಪ್ಪತ್ತಾರು ವರ್ಷ ಪಾಠ ಮಾಡಿದ್ದೇನೆ. ಬಾಗಿಲ ಉದಾಹರಣೆ ಕೊಡುತ್ತೇನೆ, ಸೈಕಲಿನ ಉದಾಹರಣೆ ಕೊಡುತ್ತೇನೆ. ಆ ಲೆಕ್ಕ ಬರೆದರೆ ಐದು ಅಂಕ. ಐದು ಅಂಕದ ಆ ಪಾಠ ಕೊಠಡಿಯ ಹೊರಗೂ ನಡೆಯುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಆಮೇಲಿನ ದಿನಗಳು ಕೆಟ್ಟವು. ಬೋರ್ಡಿನ ಮೇಲೆ ವೃತ್ತ ಬರೆಯಲು ಹೋದರೆ ಕೈ ನಿಲ್ಲುತ್ತಿತ್ತು. ಮಿಕ್ಸಿಯ ಸದ್ದಿಗೆ ಬೆಚ್ಚಿಬೀಳುತ್ತಿದ್ದೆ. ಕುಶಾಲಪ್ಪ ಫೋನ್ ಮಾಡಿ, "ವೀಡಿಯೋ ಉಂಟು ಮಾಷ್ಟ್ರೆ, ಎಂತ ಮಾಡುದು ಅದನ್ನು?" ಎಂದರು. ಅಳಿಸಿಬಿಡಿ ಎಂದೆ. ನನಗೆ ಅದರ ಅಗತ್ಯವೇ ಇರಲಿಲ್ಲ, ತಲೆಯೊಳಗೆ ಅದು ತಾನಾಗಿಯೇ ಓಡುತ್ತಿತ್ತು. ಓಡುವಾಗೆಲ್ಲ ಒಂದು ಕಡೆ ಬಂದು ನಿಲ್ಲುತ್ತಿತ್ತು: ಶುಕ್ರವಾರ ಆ ನಟ್ಟು ತಿರುಗಿದ್ದರೆ? ಬೆಲ್ಟ್ ಬಿಗಿಯಾಗಿದ್ದರೆ? ಶಾಲು ಹೊದಿಸಿದವನೂ ನಾನು, ತೆಗೆಯಬೇಡಿ ಎಂದವನೂ ನಾನು, ಜಾರುವ ಬೆಲ್ಟನ್ನು ಜಾರದಂತೆ ಮಾಡಲು ಹೊರಟವನೂ ನಾನೇ. ಒಬ್ಬ ಸಾತ್ವಿಕ ಮನುಷ್ಯ, ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿ, ಗೆಳೆಯನನ್ನು ಕೊಲ್ಲಲು ಎಷ್ಟು ಹತ್ತಿರ ಹೋಗಬಹುದು ಎಂದು ಅಳೆದರೆ, ಮತ್ತೆ ಅದೇ ನಾಲ್ಕು ಬೆರಳು.

ಒಂಬತ್ತನೆಯ ದಿನ ಸಂಜೆ ಧೈರ್ಯ ಮಾಡಿ ಹೋದೆ. ಯೂಸುಫಾಕ ಲೇತ್ ಬಿಟ್ಟುಬಿಟ್ಟಿರುತ್ತಾರೆ, ಅದನ್ನು ಗುಜರಿಗೆ ಕೊಟ್ಟಿರುತ್ತಾರೆ ಎಂದು ಹೆದರಿದ್ದೆ. ದೂರದಿಂದಲೇ ಜೇನುನೊಣದ ಸದ್ದು ಕೇಳಿಸಿತು. ಕಾಲು ನಿಂತಿತು. ಇಣುಕಿದರೆ, ಅವರು ತೋಳು ಮಡಚಿ ಕುಶಾಲಪ್ಪನ ಬುಷ್ ಕಡೆಯುತ್ತಿದ್ದರು. ಕುತ್ತಿಗೆಯ ಸುತ್ತ ಒಂದು ಕಂದು ಗೆರೆ. ಮೊಳೆಯಲ್ಲಿ ಬೈರಾಸು. ನನ್ನನ್ನು ಕಂಡವರೇ ಯಂತ್ರ ನಿಲ್ಲಿಸಿದರು.

"ಬನ್ನಿ. ಈ ಸರ್ತಿ ಎಂತ ತಂದಿದ್ದೀರಿ, ಪೇಟವಾ?"

ಒಳಗಿನಿಂದ ನಬೀಸಕ್ಕ, "ತಂದ್ರೆ ಮಾಷ್ಟ್ರ ತಲೆಗೇ ಕಟ್ಟಿ ಕಳಿಸಿ" ಎಂದರು. ಅವರ ದನಿಯಲ್ಲಿ ಅರ್ಧ ತಮಾಷೆ, ಅರ್ಧ ನಿಜ. ನಿಜದ ಅರ್ಧ ನನಗೆ ಸಲ್ಲಬೇಕಾದದ್ದೇ.

ನಗಲು ಆಗಲಿಲ್ಲ. ನಿಂತಲ್ಲೇ ಶುಕ್ರವಾರದ ಸ್ಪಾನರಿನ ಕಥೆ ಹೇಳಿದೆ. ಯೂಸುಫಾಕ ಮುಖ ಎತ್ತದೆ ಕೇಳಿಸಿಕೊಂಡರು.

"ಗೊತ್ತುಂಟು. ನಟ್ಟಿನ ಮೂಲೆ ಸವೆದದ್ದು ಅವತ್ತೇ ನೋಡಿದೆ. ಬೆಲ್ಟ್ ಬಿಗಿ ಮಾಡಬೇಕಾದ್ರೆ ಮೊದಲು ನಟ್ಟು ಸಡಿಲ ಮಾಡಿ, ಮೋಟಾರನ್ನು ಹಿಂದೆ ಸರಿಸಬೇಕು. ನೀವು ಬಿಗಿ ಇದ್ದ ನಟ್ಟನ್ನೇ ಮತ್ತೆ ಬಿಗಿ ಮಾಡಿದ್ದು." ಬುಷ್ಷಿನ ಅಂಚನ್ನು ಬೆರಳಲ್ಲಿ ಸವರಿ ಹೇಳಿದರು: "ನಿಮಗೆ ಕೆಲಸ ಗೊತ್ತಿಲ್ಲದ್ದು ಒಳ್ಳೇದಾಯ್ತು ಮಾಷ್ಟ್ರೆ."

ನನ್ನ ಬಗ್ಗೆ ಈವರೆಗೆ ಓದಿದ ಎಲ್ಲ ಸನ್ಮಾನಪತ್ರಗಳಿಗಿಂತ ಇದು ನಿಖರವಾಗಿತ್ತು.

"ಆದ್ರೆ ತಪ್ಪು ನಿಮ್ಮದೊಂದೇ ಅಲ್ಲ," ಎಂದರು. "ಇಪ್ಪತ್ತೆರಡು ವರ್ಷ ಟೈ ಕಟ್ಟಿದ ದೊಡ್ಡ ದೊಡ್ಡವರನ್ನೆಲ್ಲ ಮೆಷಿನ್ ಹತ್ರ ಬರ್ಲಿಕ್ಕೆ ಬಿಡ್ಲಿಲ್ಲ ನಾನು. ನಿಮ್ಮ ಹತ್ರ ಬೇಡ ಹೇಳ್ಲಿಕ್ಕೆ ನಾಚಿಕೆ ಆಯ್ತು."

ಆಮೇಲೆ ಅವರು ಮೂಲೆಯಿಂದ ಒಂದು ಕೆಂಪು ಚಿಂದಿಯ ಗಂಟು ತೆಗೆದು ತೋರಿಸಿದರು. ನನ್ನ ಶಾಲು. "ಮೆಷಿನ್ ಒರೆಸ್ಲಿಕ್ಕೆ ಆಗ್ತದಾ ಅಂತ ಇಟ್ಟೆ. ಒಂದು ಹನಿ ಎಣ್ಣೆ ಹೀರುದಿಲ್ಲ ಮಾರಾಯ್ರೆ ಇದು. ಎಂತಕ್ಕೆ ಮಾಡುದು ಇದನ್ನೆಲ್ಲ?"

ಗುರುತಿನ ಚೀಟಿಯನ್ನು ಕುತ್ತಿಗೆಯಿಂದ ತೆಗೆದು ಬೈರಾಸಿನ ಪಕ್ಕದಲ್ಲಿ ಸಿಕ್ಕಿಸಿದೆ. ಎಣ್ಣೆಯ ಡಬ್ಬಿ ಎತ್ತಿಕೊಂಡು ಒಂದನೆಯ ಮುಚ್ಚಳದಿಂದ ಶುರು ಮಾಡಿದೆ. ಎರಡು ಹನಿಯ ಕಡೆ ಐದು ಬಿತ್ತು. ಯೂಸುಫಾಕ ನೋಡಿದರು, ಪಾಯಸದ ಮಾತು ಎತ್ತಲಿಲ್ಲ.

ಮೊನ್ನೆ ಕಡಬದ ಹತ್ತಿರದ ಒಂದು ಶಾಲೆಯವರು ಕರೆದಿದ್ದರು. ಹೋದೆ. ಎಂದಿನ ಮಾತೆಲ್ಲ ಹೇಳಿದೆ, ಕೊನೆಗೆ ಶಾಲು ಹೊದಿಸಿದರು. ಹೊದಿಸಿದ ಹುಡುಗಿ ನನ್ನ ಮುಖ ನೋಡಿ ಗಾಬರಿಯಾದಳು. ಪಕ್ಕದಲ್ಲಿ ಫ್ಯಾನೊಂದು ತಿರುಗುತ್ತಿತ್ತು, ಅಷ್ಟೇ. ಫೋಟೋದವನು ಇನ್ನೂ ಮೊಬೈಲ್ ಎತ್ತುತ್ತಿದ್ದ. ಶಾಲು ತೆಗೆಯಲು ಹೋದ ನನ್ನ ಕೈ ನೋಡಿ ಮುಖ್ಯೋಪಾಧ್ಯಾಯರು "ಇರ್ಲಿ ಸರ್, ಇರ್ಲಿ" ಎನ್ನುತ್ತಿದ್ದರು. ಅಷ್ಟರಲ್ಲಿ ನನ್ನ ಕಣ್ಣು ವೇದಿಕೆಯ ಗೋಡೆಯ ಮೇಲೆ ಒಂದು ಮೊಳೆಯನ್ನು ಹುಡುಕಿ ಆಗಿತ್ತು.