ಬಿಳಿ ಗೆರೆಯ ಆಚೆ ಅಂಚು

ನನ್ನ ತಂಗಿ ಲೋರೀನ್‌ಳ ಗಂಡ ಡೆಲ್ಮರ್ ಕುಬಿಚೆಕ್‌ನಷ್ಟು ನೆಟ್ಟಗಿನ ಮನುಷ್ಯನ ಜೊತೆ ಇಸ್ಪೀಟಾಡುವುದೇ ಒಂದು ಶಿಕ್ಷೆ. ಎದುರಿನವರು ಅಂಕ ತಪ್ಪಾಗಿ ಕೂಡಿದರೆ ತಾನೇ ತಿದ್ದಿ, ತಾನೇ ಸೋತು, ಖುಷಿಯಾಗಿ ಎದ್ದುಹೋಗುತ್ತಿದ್ದ. ಊರಿನ ಧಾನ್ಯದ ಗೋದಾಮಿನಲ್ಲಿ ಮೆಕ್ಕೆಜೋಳದ ಲಾರಿಗಳನ್ನು ತೂಗುವುದು ಅವನ ಕೆಲಸ. ನೆಬ್ರಾಸ್ಕಾದ ನಮ್ಮ ಮೂಲೆಯಲ್ಲಿ ಎಂಥ ಜಗಳಗಂಟ ರೈತನೂ "ಡೆಲ್ ತೂಗಿದ್ನಾ? ಹಂಗಾದ್ರೆ ಸರಿ ಬಿಡು" ಎಂದು ಸುಮ್ಮನಾಗುತ್ತಿದ್ದ.

ಹಾಗಾಗಿಯೇ ಊರಿನ ಕಾಲೇಜಿನವರು ಫುಟ್‌ಬಾಲ್ ಮೈದಾನದ ಸರಪಳಿಯನ್ನು ಅವನ ಕೈಗೆ ಕೊಟ್ಟಿದ್ದರು. ಕೈಯಲ್ಲಿ ಚೆಂಡು ಹಿಡಿದು ಓಡುವ ನಮ್ಮ ಆಟದಲ್ಲಿ ನಾಲ್ಕು ಯತ್ನಗಳೊಳಗೆ ಅದನ್ನು ಹತ್ತು ಗಜ ಮುಂದೆ ಒಯ್ಯಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಆ ಹತ್ತು ಗಜವನ್ನು ಅಳೆಯುವುದು ಎರಡು ಕೋಲುಗಳ ನಡುವಿನ ಸರಪಳಿ. ಅದನ್ನು ಹಿಡಿಯುವವರು ಆತಿಥೇಯ ಊರಿನವರೇ, ಆದರೆ ಕೈಯಲ್ಲಿ ಸರಪಳಿ ಇರುವಷ್ಟು ಹೊತ್ತು ಅವರಿಗೆ ಊರಿಲ್ಲ. ಚಪ್ಪಾಳೆ ತಟ್ಟುವಂತಿಲ್ಲ, ಕೂಗುವಂತಿಲ್ಲ. ಡೆಲ್ ಮುಗುಳ್ನಗುತ್ತಲೂ ಇರಲಿಲ್ಲ. ಅಂಚಿನಲ್ಲಿ ಕಲ್ಲುಕಂಬದ ಹಾಗೆ ನಿಂತಿರುತ್ತಿದ್ದ ಗಂಡನನ್ನು ನೋಡಿ ಲೋರೀನ್ ನನ್ನ ಪಕ್ಕದಲ್ಲಿ ಕೂತು ಹಲ್ಲು ಕಡಿಯುತ್ತಿದ್ದಳು.

ನಮ್ಮದು ಎಂಟು ಸಣ್ಣ ಕಾಲೇಜುಗಳು ತಮ್ಮತಮ್ಮಲ್ಲೇ ಆಡುವ ಕಾನ್ಫರೆನ್ಸ್. ಅದರಲ್ಲಿ ಕೊನೆಯ ಸ್ಥಾನ ಬ್ರೆನ್ನರ್ ಕಾಲೇಜಿಗೆ, ಅಂದರೆ ನಮಗೆ, ಪಿತ್ರಾರ್ಜಿತ ಆಸ್ತಿಯಂತೆ ಬಂದಿತ್ತು. ಆ ವರ್ಷ ಅದೇನು ಗಾಳಿ ಬೀಸಿತೋ, ಸೆಪ್ಟೆಂಬರಿನಿಂದಲೇ ಗೆಲ್ಲತೊಡಗಿದೆವು. ಮೊದಲು ಯಾರೂ ನಂಬಲಿಲ್ಲ. ಅಕ್ಟೋಬರಿನ ಹೊತ್ತಿಗೆ ಕೊಯ್ಲು ಬಿಟ್ಟು ಜನ ಮೈದಾನಕ್ಕೆ ಬಂದರು. ನವೆಂಬರಿನ ಕೊನೆಯ ಶನಿವಾರ ಹಾಲ್ಡೇನ್ ಕಾಲೇಜು ನಮ್ಮಲ್ಲಿಗೆ ಬಂತು. ಗೆದ್ದವರಿಗೆ ಕಾನ್ಫರೆನ್ಸ್ ಪಟ್ಟ. ನಾನು ಮೈದಾನದ ತಿಂಡಿ ಸ್ಟಾಲಿನಲ್ಲಿ ಚಿಲ್ಲಿ ಸಾರು, ದಾಲ್ಚಿನ್ನಿ ರೋಲು ಮಾರುತ್ತಿದ್ದೆ. ಆಟದ ಕೊನೆಯ ಕಾಲುಭಾಗದಲ್ಲಿ ಕೊಳ್ಳಲು ಯಾರೂ ಬರಲಿಲ್ಲ, ಹಾಗಾಗಿ ನಾನೂ ಬೇಲಿಗೆ ಬಂದು ನಿಂತೆ.

ನಾವು ಅಂಕದಲ್ಲಿ ಹಿಂದಿದ್ದೆವು. ಚೆಂಡು ನಮ್ಮ ಹುಡುಗರ ಕೈಯಲ್ಲಿತ್ತು, ನಾಲ್ಕನೇ ಯತ್ನ ಮುಗಿದಿತ್ತು. ಹತ್ತು ಗಜ ಆಯಿತೋ ಇಲ್ಲವೋ ಕಣ್ಣಳತೆಗೆ ಸಿಗಲಿಲ್ಲ. ರೆಫರಿ ಸರಪಳಿ ಕರೆಸಿದ. ಚೆಂಡಿನ ಮೂತಿ ಕೋಲನ್ನು ಎರಡು ಬೆರಳಿನಷ್ಟು ದಾಟಿತ್ತು. ಆಟ ಮುಂದುವರಿಯಿತು, ಸ್ವಲ್ಪದರಲ್ಲೇ ನಾವು ಗೆದ್ದೆವು. ನಮ್ಮ ಚರ್ಚಿನ ಪಾದ್ರಿಗಳು ಖುಷಿಯಲ್ಲಿ ಮೇಲೆಸೆದ ಟೋಪಿ ಮರಳಿ ಸಿಗಲೇ ಇಲ್ಲ.

ವಾರ ಕಳೆದ ಮೇಲೆ ಡೆಲ್ ನನ್ನ ಅಡುಗೆಮನೆಗೆ ಬಂದ. ನಾನು ಹಿಟ್ಟು ನಾದುತ್ತಿದ್ದೆ. ಅವನು ಕೋಟು ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತ.

"ಆರ್ಲಿಸ್, ಆ ಅಳತೆ ತಪ್ಪು."

"ಯಾವ ಅಳತೆ? ಯಾರದಾದ್ರೂ ಲಾರಿದಾ?"

"ಸರಪಳೀದು. ನಾನು ತಪ್ಪು ಮಾಡಿದೆ."

ವಿಷಯ ಇಷ್ಟು. ಸರಪಳಿಯನ್ನು ಮೈದಾನದ ನಡುವೆ ಒಯ್ದಾಗ ಜಾಗ ತಪ್ಪಬಾರದೆಂದು ಮೊದಲೇ ಅದಕ್ಕೆ ಒಂದು ಕ್ಲಿಪ್ ಹಾಕುತ್ತಾರೆ, ಯಾವುದಾದರೂ ಒಂದು ಬಿಳಿ ಅಡ್ಡಗೆರೆಯ ಹಿಂಬದಿಯ ಅಂಚಿಗೆ ಸರಿಯಾಗಿ. ಗೆರೆ ಅಂಗೈ ಅಗಲ ಇರುತ್ತದೆ. ಕಾಲುಭಾಗ ಮುಗಿದಾಗ ತಂಡಗಳು ದಿಕ್ಕು ಬದಲಿಸುತ್ತವೆ. ಆಗ ಗೆರೆಯ ಹಿಂಬದಿ ಮುಂಬದಿಯಾಗುತ್ತದೆ. ಡೆಲ್ ಅಭ್ಯಾಸಬಲದಿಂದ ಹಿಂದಿನ ಕಾಲುಭಾಗದ ಅಂಚಿಗೇ ಕ್ಲಿಪ್ ಹಾಕಿದ್ದ. ಅಳೆಯುವಾಗ ರೆಫರಿ "ಹಿಂದಿನ ಅಂಚಲ್ವಾ?" ಎಂದು ಕೇಳಿದ. ಇವನು ಯಾವತ್ತಿನಂತೆ ಹೌದೆಂದ. ಇಡೀ ಸರಪಳಿ ಅಂಗೈ ಅಗಲ ನಮ್ಮ ಕಡೆಗೆ ಜರುಗಿತು; ಇಲ್ಲದಿದ್ದರೆ ಚೆಂಡು ಕೋಲನ್ನು ಮುಟ್ಟುತ್ತಲೇ ಇರಲಿಲ್ಲ.

"ಆಗ್ಲೇ ಗೊತ್ತಾಯ್ತಾ ನಿಂಗೆ?"

"ಸರಪಳಿ ಎಳೆದು ನಿಲ್ಸಿದ ತಕ್ಷಣ ಗೊತ್ತಾಯ್ತು. ಬಾಯಿ ತೆಗ್ದೆ, ಆರ್ಲಿಸ್. ಅಷ್ಟರಲ್ಲಿ ಊರೆಲ್ಲಾ ಕೂಗ್ತು. ಮುಚ್ಚಿದೆ."

ಅವನ ಕಿವಿ ಕೆಂಪಾಗಿತ್ತು. ಆಟ ಮುಗಿದ ಮೇಲೆ ಹಾಲ್ಡೇನ್‌ನ ಗೂಳಿಯಂಥ ಆಟಗಾರನೊಬ್ಬ ಅಳುತ್ತಳುತ್ತಲೇ ಬಂದು ಇವನ ಕೈಕುಲುಕಿ, "ಥ್ಯಾಂಕ್ಸ್ ಸರ್" ಎಂದನಂತೆ. ಅವರ ಕಾಲೇಜಿನಲ್ಲಿ ಹಾಗೆ ಕಲಿಸಿರುತ್ತಾರೆ. ಅವತ್ತಿನಿಂದ ಕೆಫೆಯಲ್ಲಿ ಜನ ಕರೆದು ಕೊಡುವ ಬಿಟ್ಟಿ ಕಾಫಿಯನ್ನು ಇವನು ಮುಟ್ಟದೆ ಎದ್ದು ಬರುತ್ತಿದ್ದನಂತೆ. ಗೋದಾಮಿನಲ್ಲಿ ತಕ್ಕಡಿಯ ಮುಳ್ಳು ನೋಡಲೂ ನಾಚಿಕೆಯಂತೆ.

"ಲೋರೀನ್‌ಗೆ ಹೇಳಿದ್ಯಾ?"

"ಇಲ್ಲ. ನೆಟ್ಟಗಿನವ್ನು ಅಂತ ನನ್ನ ಕಟ್ಕೊಂಡೋಳು ಅವ್ಳು. ಬೇರೆ ಏನಿದೆ ನನ್ನತ್ರ? ರೂಪವಾ, ಮಾತಾ?"

"ಹಂಗಾದ್ರೆ ಹೊಟ್ಟೇಲಿಟ್ಕೊ. ಸತ್ತ ಕರು ಎದ್ದು ಹಾಲು ಕುಡಿಯಲ್ಲ."

"ಗೆದ್ದ ತಂಡಕ್ಕೆ ಔತಣ ಮಾಡಿ ಉಂಗುರ ಹಂಚ್ತಾರಲ್ಲ, ನಂಗೂ ಒಂದು ಕೊಡ್ತಾರಂತೆ. ಎಲ್ರೆದುರು ಅದನ್ನ ಹಾಕ್ಕೊಂಡು ಹೆಂಗೆ ನಿಂತ್ಕೊಳ್ಳಿ?"

ನಾನು ಹಿಟ್ಟನ್ನೇ ಗುದ್ದಿದೆ.

ಔತಣ ನಡೆದದ್ದು ಚರ್ಚಿನ ನೆಲಮಾಳಿಗೆಯ ಸಭಾಂಗಣದಲ್ಲಿ. ಆಟಗಾರರು ಇಸ್ತ್ರಿ ಮಾಡಿದ ಅಂಗಿಗಳಲ್ಲಿ ಉಸಿರುಗಟ್ಟಿ ಕೂತಿದ್ದರು. ಗೊಬ್ಬರದ ಅಂಗಡಿಯ ರೆಕ್ಸ್ ಹೋಲ್ಟ್‌ಗ್ರೀವ್ ನಮ್ಮ ಅಭಿಮಾನಿ ಸಂಘದ ಅಧ್ಯಕ್ಷ. ಮೈಕ್ ಸಿಕ್ಕರೆ ಮದುವೆಯಲ್ಲೂ ಬಿಡದ ಆಸಾಮಿ. ಎಲ್ಲರಿಗೂ ಉಂಗುರ ಕೊಟ್ಟು ಮುಗಿದ ಮೇಲೆ, "ಇನ್ನೊಂದು ಉಳಿದಿದೆ" ಎಂದು ಡೆಲ್‌ನನ್ನು ಕರೆದ. ಸಭೆಗೆ ಸಭೆಯೇ ಎದ್ದು ನಿಂತಿತು. ಲೋರೀನ್ ಹೊಸ ನೀಲಿ ಉಡುಪಿನಲ್ಲಿ ಎಲ್ಲರಿಗಿಂತ ಮೊದಲೇ ಎದ್ದಿದ್ದಳು.

ಡೆಲ್ ಉಂಗುರದ ಡಬ್ಬಿಯನ್ನು ಮುಟ್ಟಲಿಲ್ಲ. ಕ್ಲಿಪ್ಪಿನ ಕಥೆ ಹೇಳಿದ. ಅಂಚು, ದಿಕ್ಕು, ಅಂಗೈ ಅಗಲ, ಒಂದನ್ನೂ ಬಿಡಲಿಲ್ಲ. "ಆ ಗೆಲುವು ನಮ್ದಲ್ಲ. ಹಾಲ್ಡೇನ್ ಹುಡುಗ್ರದು. ನಂಗೆ ನಾಚಿಕೆ ಆಗ್ತಿದೆ" ಎಂದು ತಲೆ ತಗ್ಗಿಸಿ ನಿಂತ.

ಯಾರಾದರೂ ಬೈಯುತ್ತಾರೆ ಎಂದುಕೊಂಡೆ. ಹಿಂದಿನ ಮೇಜಿನಿಂದ ಒಬ್ಬ ಕಿಸಕ್ಕೆಂದ. ಆಮೇಲೆ ಇಡೀ ಸಭೆ ನಕ್ಕಿತು. ತೂಕದಲ್ಲಿ ಒಂದು ಕಾಳಿಗೂ ಜಗಳ ತೆಗೆಯುವ ಮುದುಕರು ಮೇಜು ಬಡಿದು ನಕ್ಕರು.

ರೆಕ್ಸ್ ಅವನ ಹೆಗಲ ಮೇಲೆ ಕೈ ಹಾಕಿದ. "ಅಯ್ಯೋ ಮಾರಾಯ, ಅದು ನಮಗ್ಯಾರಿಗೆ ಗೊತ್ತಿಲ್ಲ? ಬೇಲಿ ಹತ್ರ ನಿಂತಿದ್ದೋರಿಗೆ ಕ್ಲಿಪ್ಪು ಕಾಣಲ್ವಾ? ಉಂಗುರ ಮತ್ಯಾತಕ್ಕೆ ಅಂದ್ಕೊಂಡೆ?"

"ಬೇಕಂತ ಮಾಡಿದ್ದಲ್ಲ ರೆಕ್ಸ್. ಕೈತಪ್ಪಿ ಆಗಿದ್ದು."

"ಹೌದಪ್ಪಾ ಹೌದು, ಕೈತಪ್ಪಿ!" ಎಂದು ರೆಕ್ಸ್ ಜನರತ್ತ ಕಣ್ಣು ಹೊಡೆದ. ಮತ್ತೆ ನಗು. ಡೆಲ್ ಎಷ್ಟು ಸಲ "ಕೈತಪ್ಪಿ" ಎಂದನೋ ಅಷ್ಟು ಸಲ ಚಪ್ಪಾಳೆ ಬಿತ್ತು. ಕೊನೆಗೆ ಅವನ ಬೆರಳಿಗೆ ಅವರೇ ಉಂಗುರ ತುರುಕಿದರು. ನನ್ನ ಊರಿನ ಬಗ್ಗೆ ನನಗೆ ಅಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ. ಎಲ್ಲರ ತಟ್ಟೆಗೂ ಬಡಿಸಿದ್ದು ನನ್ನ ಕೈಯೇ.

ಮನೆಗೆ ಮರಳುವಾಗ ನಾನು ಅವರ ಕಾರಿನ ಹಿಂದಿನ ಸೀಟಿನಲ್ಲಿದ್ದೆ. ಕಾರು ಊರು ದಾಟಿತು.

"ನೋಡ್ದೇನೇ" ಎಂದ ಡೆಲ್. "ಬೇಕಂತ್ಲೇ ಮಾಡ್ದೆ ಅಂದ್ಕೊಂಡಿದಾರೆ. ಮೋಸಗಾರ ಅಂತ ಗೊತ್ತಿದ್ದೂ ಕೈಕುಲುಕ್ತಿದ್ರು."

ಲೋರೀನ್ ಕಿಟಕಿಯತ್ತ ಮುಖ ಮಾಡಿದ್ದಳು.

"ನೀನೂನಾ?" ಎಂದು ಅವನು ಕೇಳಿದ.

ಅಲ್ಲ ಅನ್ನೇ ತಂಗೀ, ಸುಳ್ಳಾದರೂ ಅಲ್ಲ ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಹೂಂ" ಎಂದಳು. "ಆವತ್ತು ಮನೆಗೆ ಬಂದು ಒಬ್ಳೇ ಕೂತು ಅತ್ತೆ, ಖುಷೀಲಿ. ಈ ಮನುಷ್ಯಂಗೂ ಒಂದ್ಸಲ ನಾವು ಬೇಕಾದ್ವಲ್ಲ ಅಂತ. ನೀನು ಅದನ್ನೂ ಇವತ್ತು ಕೈತಪ್ಪಿದ್ದು ಅಂದ್ಬಿಟ್ಟೆ."

ಡೆಲ್ ಕಾರನ್ನು ಮೆಕ್ಕೆಜೋಳದ ಕೂಳೆಯ ಬದಿಗೆ ನಿಲ್ಲಿಸಿದ. ಸ್ಟಿಯರಿಂಗ್ ಬಿಟ್ಟು ಎರಡೂ ಕೈಗಳನ್ನು ತೊಡೆಯ ನಡುವೆ ಬಚ್ಚಿಟ್ಟುಕೊಂಡು ಕೂತ. ಅವನು ಏನಾದರೂ ಹೇಳಲಿ ಎಂದು ಅವಳು ಕಾದಳು. ನಾನು ಹಿಂದೆ ಕೂತು, ಎಂಜಿನ್ ಓಡುವ ಸದ್ದು ಕೇಳುತ್ತಿದ್ದೆ.