ಕ್ಯಾಪ್ಟನ್ ಕೂತು ಊಟ ಮಾಡಿದ್ದು

ನಮ್ಮ ಮನೆಯವರನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಾರೆ. ಹಡಗೂ ಇಲ್ಲ, ಸೈನ್ಯವೂ ಇಲ್ಲ. ಮದುವೆ ಹಾಲ್ ಒಂದರಲ್ಲಿ ಬಡಿಸುವವರ ಮೇಲಿನ ಯಜಮಾನಿಕೆ, ಅಷ್ಟೇ. ಮೂವತ್ತೊಂದು ವರ್ಷದಿಂದ ಅದೇ ಹಾಲ್, ಅದೇ ಕಪ್ಪು ಕೋಟು. ಯಾರ ಲೋಟ ಖಾಲಿಯಾಗಿದೆ, ಯಾವ ಮಗು ಇನ್ನೇನು ಚಮಚ ಬೀಳಿಸುತ್ತದೆ ಎಂದು ನೋಡುತ್ತಾ ನಿಲ್ಲುವುದೇ ಅವರ ಕೆಲಸ. ಎಷ್ಟು ಮದುವೆ ನೋಡಿದ್ದೀರಿ ಎಂದು ಯಾರಾದರೂ ಕೇಳಿದರೆ, ಮದುವೆ ನೋಡಿಲ್ಲ, ಮೇಜು ನೋಡಿದ್ದೇನೆ ಎನ್ನುತ್ತಾರೆ. ಕೇಳಿದವರು ನಗುತ್ತಾರೆ. ಇವರು ತಮಾಷೆಗೆ ಹೇಳಿರುವುದಿಲ್ಲ.

ಆ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಕೊನೆಯ ಅತಿಥಿ ಏಳುವವರೆಗೆ ಬಡಿಸುವವರ ಬಾಯಿಗೆ ಒಂದು ತುತ್ತೂ ಹೋಗಬಾರದು. ಎಲ್ಲರದೂ ಆಯಿತು ಎಂದು ಒಬ್ಬರು ಬಂದು ಹೇಳಬೇಕು, ಆಮೇಲೆ ಹಿಂದಿನ ಕೋಣೆಯಲ್ಲಿ ನಿಂತೇ ತಿನ್ನುವುದು. ಹಾಲ್‌ನಲ್ಲಿ ಬೇಕಾದರೆ ಹಾಗೆ ಮಾಡಲಿ, ರಜೆಯ ದಿನ ಮನೆಯಲ್ಲೂ ಅದೇ ಚಾಳಿ. ನನಗೂ ಮಗಳಿಗೂ ಬಡಿಸಿ, ನಾವು ಎದ್ದ ಮೇಲೆ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು ಮುಗಿಸುತ್ತಾರೆ. ಮೊದಮೊದಲು ಜಗಳ ಆಡಿದೆ. ಗೋಡೆಗೆ ಹೇಳಿದ ಹಾಗಾಯಿತು. ಆಮೇಲೆ ಬಿಟ್ಟುಬಿಟ್ಟೆ, ಅವರು ತಿನ್ನುವಾಗ ನಾನು ಅತ್ತ ತಿರುಗಿ ಪಾತ್ರೆ ತೊಳೆಯುತ್ತಿರುತ್ತೇನೆ.

ವಿದೇಶಕ್ಕೆ ಹೋಗುವ ಯೋಗ ಬಂದದ್ದು ನನ್ನ ಅಕ್ಕನ ಮಕ್ಕಳಿಂದ. ಮೊದಲು ಅಕ್ಕನ ಮಗಳ ಮದುವೆ. ಅಲ್ಲಿ ಬಡಿಸುವವರು ಕೇಳುವುದೇ ಇಲ್ಲ, ತಟ್ಟೆಯಲ್ಲಿ ಒಂದು ಬೆರಳಗಲ ಜಾಗ ಕಂಡರೆ ತುಂಬಿಸುತ್ತಾರೆ. ಇದು ಬಡಿಸುವುದಲ್ಲ, ಸುರಿಯುವುದು ಎಂದು ಇವರ ತೀರ್ಪು. ಎರಡು ವರ್ಷದ ಮೇಲೆ ಅಕ್ಕನ ಮಗನದು, ಇನ್ನೊಂದು ದೇಶದಲ್ಲಿ. ಅಲ್ಲಿ ಬಡಿಸುವವಳೊಬ್ಬಳು ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಸೀರೆ ಎಷ್ಟು ಉದ್ದ ಎಂದು ವಿಚಾರಿಸಿದಳು. ನನಗೆ ಖುಷಿಯಾಯಿತು. ಇವರು ಮಾತ್ರ ಅವಳ ಹಿಂದಿನ ಮೇಜಿನಲ್ಲಿ ನೀರು ಮುಗಿದದ್ದನ್ನೇ ನೋಡುತ್ತಿದ್ದರು. ಎರಡು ಮದುವೆಯಲ್ಲೂ ಮದುಮಗಳ ಸೀರೆಯ ಬಣ್ಣ ಕೇಳಿದರೆ ಇವರಿಗೆ ಗೊತ್ತಿಲ್ಲ. ಎರಡರಲ್ಲೂ ಊಟ ಮಾಡಿದ್ದು ರೂಮಿಗೆ ಬಂದು, ಕಿಟಕಿಯ ಹತ್ತಿರ ನಿಂತು.

ಮೂರನೆಯದು ನಮ್ಮ ಮಗಳದೇ. ಕನ್ನಡಕದ ಅಂಗಡಿಯ ಕೆಲಸಕ್ಕೆಂದು ಮತ್ತೊಂದು ದೇಶಕ್ಕೆ ಹೋದವಳು ಅಲ್ಲಿನ ಶಾಲೆಯ ಮೇಷ್ಟ್ರೊಬ್ಬನನ್ನು ಮೆಚ್ಚಿದಳು. ನಾವು ಒಪ್ಪಿದೆವು. ಒಡವೆ ಬೇಡ, ಬಟ್ಟೆ ಬೇಡ, ಅಪ್ಪನಿಂದ ಒಂದೇ ಒಂದು ಬೇಕು ಎಂದು ಫೋನಿನಲ್ಲಿ ಹೇಳಿದಳು.

"ಅಪ್ಪಾ, ನನ್ನ ಮದುವೇಲಿ ನೀವು ನನ್ನ ಪಕ್ಕ ಕೂತು ಊಟ ಮಾಡ್ಬೇಕು. ಇಪ್ಪತ್ತೇಳು ವರ್ಷ ಆಯ್ತು, ಒಂದು ದಿನಾನೂ ಮಾಡಿಲ್ಲ."

ಆಯ್ತಮ್ಮ ಎಂದರು. ಫೋನ್ ಇಟ್ಟು, ಮರುದಿನದ ಮೇಜುಗಳ ನಕ್ಷೆ ಬರೆಯಲು ಕೂತರು. ನನಗೆ ಮೈಯೆಲ್ಲ ಉರಿಯಿತು. ಒಂದು ಕಣ್ಣೀರಾದರೂ ಬರಬಾರದೇ ಈ ಮನುಷ್ಯನಿಗೆ?

ಅಲ್ಲಿ ಊಟ ಮಧ್ಯಾಹ್ನದ್ದು. ಎಂಬತ್ತು ಜನ, ಉದ್ದನೆಯ ಹಾಲ್, ಎತ್ತರದ ಕಿಟಕಿಗಳು. ಊಟವಾದ ಮೇಲೆ ಮದುಮಗಳ ಅಪ್ಪ ಎದ್ದು ನಾಲ್ಕು ಮಾತಾಡುವುದು ಅವರ ಕ್ರಮವಂತೆ. ಇವರು ನಾಲ್ಕು ಸಾಲು ಬರೆದು ಕಿಸೆಯಲ್ಲಿ ಇಟ್ಟುಕೊಂಡಿದ್ದರು. ನಾಲ್ಕು ಗಂಟೆಗೆ ಹಾಲ್ ಬಿಟ್ಟುಕೊಡಬೇಕಿತ್ತು. ಮಗಳ ಒಂದು ಪಕ್ಕ ಮದುಮಗ, ಇನ್ನೊಂದು ಪಕ್ಕ ಇವರು, ಇವರ ಪಕ್ಕ ನಾನು. ಕೂತರಲ್ಲ, ಅದೇ ದೊಡ್ಡದು ಎಂದುಕೊಂಡೆ.

ಸೂಪು ಬಂತು. ಎಲ್ಲರೂ ಕುಡಿದು ಚಮಚ ಇಟ್ಟರು. ತಟ್ಟೆ ಎತ್ತಲು ಯಾರೂ ಬರಲಿಲ್ಲ. ಗೋಡೆಯ ಪಕ್ಕ ಬಿಳಿ ಅಂಗಿಯವರು ಕೈ ಕಟ್ಟಿ ನಿಂತೇ ಇದ್ದರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಎದುರಿನ ಮೇಜಿನ ಮುದುಕರೊಬ್ಬರು ಬ್ರೆಡ್ಡಿನ ಚೂರುಗಳನ್ನು ಜೋಡಿಸುತ್ತಾ ಕೂತರು. ಒಂದು ಮಗು ಅತ್ತಿತು. ಎಷ್ಟು ನಿಧಾನ ಇವರದು ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಕೊನೆಗೆ ಅಲ್ಲಿನ ಮೇಲ್ವಿಚಾರಕಿ ಬಂದು ಬಗ್ಗಿ, ಸೂಪಿನಲ್ಲಿ ಏನಾದರೂ ತಪ್ಪಾಗಿದೆಯೇ ಎಂದು ಮಗಳನ್ನು ಕೇಳಿದಳು. ಮದುಮಗಳ ಮೇಜಿನಲ್ಲಿ ಎಲ್ಲರೂ ಮುಗಿಸುವವರೆಗೆ ಹಾಲ್‌ನ ಒಂದು ತಟ್ಟೆಯನ್ನೂ ಎತ್ತುವ ಹಾಗಿಲ್ಲವಂತೆ, ಮಗಳು ನನಗೆ ತಿಳಿಸಿದಳು. ಅದು ಅವರ ಕೆಲಸದ ಮರ್ಯಾದೆ. ಆಗ ನಾನು ಪಕ್ಕಕ್ಕೆ ತಿರುಗಿದೆ. ಇವರ ಸೂಪು ಕೆನೆಗಟ್ಟಿತ್ತು. ಚಮಚ ಇಟ್ಟ ಜಾಗದಲ್ಲೇ ಇತ್ತು. ಇವರು ಕೈ ಎರಡನ್ನೂ ತೊಡೆಯ ಮೇಲೆ ಇಟ್ಟುಕೊಂಡು ಹಾಲ್ ನೋಡುತ್ತಿದ್ದರು. ಎಲ್ಲರದೂ ಮುಗಿಯಲಿ ಎಂದು ಇವರು, ಇವರದು ಮುಗಿಯಲಿ ಎಂದು ಇಡೀ ಹಾಲ್.

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮೊಣಕೈಯಿಂದ ತಿವಿದೆ. ಏನು ಎನ್ನುವಂತೆ ನೋಡಿದರು, ಅಷ್ಟೇ. ಮಗಳು ನನ್ನ ಹಾಗಲ್ಲ. ಅಪ್ಪನ ಕಿವಿಯ ಹತ್ತಿರ ಬಾಗಿ, ನಮ್ಮೂರ ಹಾಲ್‌ನ ಹುಡುಗರು ಹೇಳುವ ಧಾಟಿಯಲ್ಲೇ ಹೇಳಿದಳು.

"ಎಲ್ಲರದೂ ಆಯ್ತು. ಈಗ ನೀವು ಊಟ ಮಾಡಿ."

ಆಗ ಕೈ ಚಮಚಕ್ಕೆ ಹೋಯಿತು.

ಆದರೆ ಸೂಪಿನ ಹಿಂದೆ ಇನ್ನೂ ಮೂರು ತಟ್ಟೆಗಳಿದ್ದವು. ಪ್ರತಿ ತಟ್ಟೆಗೂ ಅದೇ ಕಥೆ: ಎಲ್ಲರೂ ಮುಗಿಸಬೇಕು, ಮಗಳು ಹೇಳಬೇಕು, ಇವರು ಶುರು ಮಾಡಬೇಕು. ಮೂರೂವರೆ ಗಂಟೆಗೆ ಮೇಲ್ವಿಚಾರಕಿ ಮತ್ತೆ ಬಂದಳು. ಉಳಿದದ್ದು ಅರ್ಧ ಗಂಟೆ. ಇವರ ಕೊನೆಯ ತಟ್ಟೆಯನ್ನು ಹಾಗೇ ಎತ್ತಿದರೆ ಅಪ್ಪನ ಮಾತಿಗೆ ಸಮಯ ಸಿಗುತ್ತದೆ ಎಂದಳು. ಮಗಳು ಅದನ್ನು ಕನ್ನಡದಲ್ಲಿ ಹೇಳಿದ್ದೇ ಇವರು ತಕ್ಷಣ ಕಿಸೆಗೆ ಕೈ ಹಾಕಿ ಕುರ್ಚಿ ಹಿಂದಕ್ಕೆ ತಳ್ಳಿದರು. ಏಳುವುದೆಂದರೆ ಇವರಿಗೆ ಬಿಡುಗಡೆ ಸಿಕ್ಕಿದ ಹಾಗೆ. ಮಗಳು ತೋಳು ಹಿಡಿದು ಕೂರಿಸಿ, ಮೇಲ್ವಿಚಾರಕಿಗೆ ಹೇಳಿದಳು.

"ಮಾತು ಬೇಡ. ಅವರು ಊಟ ಮಾಡ್ಲಿ."

ಇವರು ತಿಂದರು. ಎಂಬತ್ತು ಜನ ಕಾದರು. ಮದುಮಗನ ಅಪ್ಪ ಗಡಿಯಾರ ನೋಡಿಕೊಂಡರು, ಫೋಟೋದವನು ಕ್ಯಾಮೆರಾ ಚೀಲಕ್ಕೆ ಹಾಕಿದ. ಮಗಳು ಗಲ್ಲಕ್ಕೆ ಕೈ ಕೊಟ್ಟು, ರೆಪ್ಪೆ ಮುಚ್ಚದೆ ಅಪ್ಪನನ್ನೇ ನೋಡುತ್ತಾ ಕೂತಿದ್ದಳು. ಇವರ ಮುಖದಲ್ಲಿ ಯಾವ ಭಾವವೂ ಇರಲಿಲ್ಲ. ನನ್ನೊಳಗೂ ಏನೂ ಇರಲಿಲ್ಲ; ಸಿಟ್ಟು ಕೂಡ ಎಲ್ಲೋ ಹೋಗಿತ್ತು.

ಹಾಲ್ ಖಾಲಿಯಾಗುವಾಗ ಇವರು ಮೇಲ್ವಿಚಾರಕಿಯ ಹತ್ತಿರ ಹೋಗಿ, ಭಾಷೆ ಬಾರದಿದ್ದರೂ ಕೈ ಜೋಡಿಸಿ ತಲೆಬಾಗಿ, ತಟ್ಟೆಗಳನ್ನು ತೋರಿಸಿ ಚೆನ್ನಾಗಿತ್ತು ಎಂದು ಸನ್ನೆ ಮಾಡುತ್ತಿದ್ದರು. ನಾನು ಮಗಳ ಕೋಟಿನ ಗುಂಡಿ ಹಾಕುತ್ತಿದ್ದೆ. ಅವಳು ಅಪ್ಪನ ಕಡೆಗೇ ನೋಡುತ್ತಾ ಮೆಲ್ಲಗೆ ಕೇಳಿದಳು.

"ಅಮ್ಮಾ, ಅಪ್ಪ ಒಂದೇ ಕಡೆ ಅಗೀತಾರಲ್ಲ. ಬಲಗಡೆ ಹಲ್ಲು ಯಾವಾಗ ಹೋಯ್ತು?"

ನನಗೆ ಗೊತ್ತಿರಲಿಲ್ಲ.