ನನ್ನನ್ನು ಗೆಲ್ಲಿಸಿದ ಎದುರಾಳಿ

"ತಲೆ ಬಗ್ಗಿಸಿ, ಕಣ್ಣು ಮುಚ್ಚಿ" ಎಂದು ಹೆಡ್ ಸಿಸ್ಟರ್ ಮೈಕಿನಲ್ಲಿ ಹೇಳಿದ್ದೇ ತಡ, ಹುಡುಗಿಯರೆಲ್ಲ ಕೈಮುಗಿದು ಪ್ರಾರ್ಥನೆ ಶುರು ಮಾಡಿಬಿಟ್ಟರು. ತುಮಕೂರಿನ ನಮ್ಮ ಕಾನ್ವೆಂಟಿನಲ್ಲಿ ದಿನವೂ ಪ್ರಾರ್ಥನೆಗೆ ಕೊಡುತ್ತಿದ್ದ ಅಪ್ಪಣೆ ಅದೇ. ಆವತ್ತು ಮಾತ್ರ ಅದು ಸ್ಕೂಲ್ ಲೀಡರ್ ಚುನಾವಣೆಗೆ. ಯಾರು ಯಾರಿಗೆ ವೋಟು ಹಾಕಿದರೆಂದು ಕಾಣಬಾರದಲ್ಲ. ಪ್ರಾರ್ಥನೆ ತಡೆಯಲು ಸಿಸ್ಟರ್‌ಗೆ ಮನಸ್ಸಾಗಲಿಲ್ಲ. ಅದರ ನಡುವೆಯೇ ನನ್ನ ಹೆಸರು ಕೂಗಿ, ಕೈ ಎತ್ತಿ ಎಂದರು.

ಒಂದು ಕಣ್ಣು ತೆರೆದು ನೋಡಿದೆ. ನನ್ನ ಪೆಪ್ಪರ್‌ಮಿಂಟ್ ತಿಂದು ಮಾತು ಕೊಟ್ಟವರೆಲ್ಲ ಭಕ್ತಿಯಲ್ಲಿ ಮುಳುಗಿದ್ದರು. ಎದ್ದಿದ್ದು ಎರಡೇ ಕೈ. ಒಂದು ನನ್ನದೇ. ಇನ್ನೊಂದು ನನ್ನ ಎದುರಾಳಿ ನಸೀಮಾಳದು. ಹುಲಿಯೂರುದುರ್ಗದಿಂದ ಆಗಷ್ಟೇ ಬಂದು ಸೇರಿದ್ದ ಅವಳಿಗೆ ಆ ಪ್ರಾರ್ಥನೆ ಬರುತ್ತಿರಲಿಲ್ಲ. ಅವಳ ಹೆಸರು ಕೂಗಿದಾಗ ಒಂದು ಕೈಯೂ ಏಳಲಿಲ್ಲ.

ಇನ್ನೊಮ್ಮೆ ನಡೆಸೋಣ ಎಂದ ಟೀಚರಿಗೆ ಸಿಸ್ಟರ್, "ಪ್ರಾರ್ಥನೆ ಹೊತ್ತಲ್ಲಿ ಆಗಿದ್ದನ್ನ ಬದಲಾಯ್ಸೋಕಾಗಲ್ಲ" ಎಂದುಬಿಟ್ಟರು. ನಾನು ಗೆದ್ದೆ. ನನಗೇಕೆ ಹಾಕಿದೆ ಎಂದು ನಸೀಮಾಳನ್ನು ಕೇಳಿದರೆ, "ನಂಗ್ ನಾನೇ ಹಾಕ್ಕೊಂಡ್ರೆ ಚೆನ್ನಾಗಿರಲ್ಲ ಕಣೇ" ಎಂದಳು.

ಲೀಡರ್ ಬ್ಯಾಡ್ಜ್ ಹಾಕಿಕೊಂಡು ವರ್ಷವಿಡೀ ಮೆರೆದೆ. ಅವಳು ಎದುರಿಗೆ ಬಂದಾಗ ಮಾತ್ರ ನನ್ನ ಕೈ ತಾನಾಗಿ ಹೋಗಿ ಅದನ್ನು ಮುಚ್ಚುತ್ತಿತ್ತು.